ಗವರ್ನರ್ ಬಾಟಮ್ಲಿಯ ಶುಕ್ರವಾರದ ಬಿಡುಗಡೆ

ನಾರಿಸ್ ಬಾಟಮ್ಲಿ ಯಾರ್ಕ್‌ಶೈರಿನ ಹ್ಯಾಗ್‌ಬಿ ಎಂಬ ಪುಟ್ಟ ಪಟ್ಟಣದಲ್ಲಿ ಹಾಸಿಗೆ ಮಾರುತ್ತಿದ್ದ. ಅರ್ಧ ಆಯುಷ್ಯ ಹಾಸಿಗೆ ಮಾರಿದರೂ ಊರಿನಲ್ಲಿ ಅವನನ್ನು ಯಾರೂ ಎದ್ದು ನಿಂತು ಮಾತನಾಡಿಸಿದ್ದಿಲ್ಲ. ಅಂಗಡಿಗೆ ಬಂದವರೆಲ್ಲ ಮಲಗಿಕೊಂಡೇ ಮಾತನಾಡಿಸುತ್ತಿದ್ದರು. ಕೆಲವರು ಮಾತಿನ ನಡುವೆ ನಿದ್ದೆಗೂ ಜಾರುತ್ತಿದ್ದರು. ಆಗ ಅವರು ಏಳುವ ತನಕ ನಾರಿಸ್ ತುದಿಗಾಲಲ್ಲಿ ಓಡಾಡುತ್ತಿದ್ದ.

ಇಂಥ ನಾರಿಸ್ ಒಂದು ಸಂಜೆ ಮಗಳ ಕಳೆದುಹೋದ ಎಡಗೈ ಗವಸು ಹುಡುಕಿಕೊಂಡು ಊರಿನ ಪ್ರಾಥಮಿಕ ಶಾಲೆಗೆ ಹೋಗಿ ತಪ್ಪು ಬಾಗಿಲು ತೆರೆದ. ಒಳಗೆ ಐದಾರು ಜನ ಚಹಾ ಕುಡಿಯುತ್ತಿದ್ದರು. "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಬಿಸ್ಕತ್ತಿನ ತಟ್ಟೆ ಮುಂದೆ ಚಾಚಿದರು. ಅವನು ಎರಡನೆಯ ಬಿಸ್ಕತ್ತು ಮುಗಿಸುವಷ್ಟರಲ್ಲಿ ಶಾಲೆಯ ಗವರ್ನರ್ ಆಗಿದ್ದ. ಆ ಕುರ್ಚಿ ವರ್ಷದಿಂದ ಖಾಲಿ ಇತ್ತು. ಊರಿನಲ್ಲಿ ಬುದ್ಧಿಯಿದ್ದವರೆಲ್ಲ ಆ ಬಾಗಿಲು ತೆರೆಯದೆ ಎಚ್ಚರವಾಗಿ ನಡೆದಾಡುತ್ತಿದ್ದರು.

ಆ ದೇಶದಲ್ಲಿ ಶಾಲೆಗೂ ಗವರ್ನರ್ ಇರುತ್ತಾರೆ, ಜೈಲಿಗೂ ಗವರ್ನರ್ ಇರುತ್ತಾರೆ. ಒಬ್ಬರಿಗೆ ಸಂಬಳ ಕೊಡುತ್ತಾರೆ, ಇನ್ನೊಬ್ಬರಿಗೆ ಬಿಸ್ಕತ್ತು ಕೊಡುತ್ತಾರೆ. ಶಾಲೆಯ ಗವರ್ನರ್‌ಗೆ ಮುಖ್ಯವಾದ ಕೆಲಸ ದುಡ್ಡಿನದು. ಕೌನ್ಸಿಲಿನವರು ವರ್ಷಕ್ಕೊಮ್ಮೆ ಒಂದು ಇಡುಗಂಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಟೀಚರುಗಳ ಸಂಬಳ, ಬಿಸಿನೀರಿನ ಬಾಯ್ಲರ್, ಬೇಲಿ, ಬಣ್ಣದ ಕಾಗದ, ಕಕ್ಕಸಿನ ಕಾಗದ ಎಲ್ಲವನ್ನೂ ಹೆಡ್ ಟೀಚರೂ ಗವರ್ನರುಗಳೂ ಕೂಡಿ ಅದರಲ್ಲೇ ತೂಗಿಸಬೇಕು. ಆ ಮೊದಲ ಸಭೆಯಲ್ಲಿ ಬೇಲಿ ರಿಪೇರಿಯ ಮಾತು ಬಂದಾಗ ನಾರಿಸ್ ಅಭ್ಯಾಸಬಲದಿಂದ, "ಇದ್ರಲ್ಲಿ ವ್ಯಾಟ್ ಸೇರಿದ್ಯೋ ಇಲ್ವೋ?" ಎಂದು ಕೇಳಿಬಿಟ್ಟ. ಎಲ್ಲರೂ ಕೈಯಲ್ಲಿದ್ದ ಬಿಸ್ಕತ್ತು ಕೆಳಗಿಟ್ಟರು. ಅಂಥ ಪ್ರಶ್ನೆಯನ್ನು ಆ ಸಭೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಅಲ್ಲಿಂದ ಏಳುವ ಹೊತ್ತಿಗೆ ಅವನನ್ನು ಹಣಕಾಸು ಸಮಿತಿಯ ಅಧ್ಯಕ್ಷನನ್ನಾಗಿಯೂ ಮಾಡಿದ್ದರು. ಗವಸು ಮಾತ್ರ ಸಿಗಲಿಲ್ಲ.

ಮರುದಿನವೇ ನಾರಿಸ್ ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿದ. 'ಪ್ರಾಥಮಿಕ ಶಾಲೆ' ಎಂದು ಸೇರಿಸಿದರೆ ಇನ್ನೊಂದು ಸಾಲಿಗೆ ಇನ್ನಷ್ಟು ದುಡ್ಡು ಎಂದರು ಅಚ್ಚಿನವರು. ಈಗ ತಾನು ಹಣಕಾಸು ಸಮಿತಿಯ ಅಧ್ಯಕ್ಷ, ದುಂದು ಸಲ್ಲದು ಎಂದುಕೊಂಡು ಆ ಸಾಲನ್ನು ಹೊಡೆದುಹಾಕಿದ. ಉಳಿದದ್ದು ಇಷ್ಟು: ನಾರಿಸ್ ಬಾಟಮ್ಲಿ, ಗವರ್ನರ್. ಚಿನ್ನದ ಅಂಚು ಬೇರೆ.

ಮೊದಲ ಕಾರ್ಡು ಭಾನುವಾರದ ಊಟದ ಹೊತ್ತಿಗೆ ಅತ್ತೆಯ ಕೈಸೇರಿತು. ಅತ್ತೆ ಎಡಿತ್ ಎದುರು ಸಾಲಿನ ಮನೆಯಲ್ಲಿದ್ದರು. ಅವರ ಕಿವಿಯಂತ್ರ ಮೂರು ಮಾತಿನಲ್ಲಿ ಒಂದನ್ನು ಕೇಳಿಸುತ್ತಿತ್ತು, ಉಳಿದೆರಡರ ಬದಲು ಶಿಳ್ಳೆ ಹೊಡೆಯುತ್ತಿತ್ತು. ತೀರಿಕೊಂಡ ಅವರ ಗಂಡ ಆಲ್ಬರ್ಟ್ ಆಯುಷ್ಯವಿಡೀ ಜೈಲಿನ ಅಡುಗೆಮನೆಯಲ್ಲಿ ಬ್ರೆಡ್ಡು ಬೇಯಿಸಿದವರು. ಎಡಿತ್ ಪಾಲಿಗೆ ಲೋಕದಲ್ಲಿ ಗವರ್ನರ್ ಎಂಬುವನು ಒಂದೇ ಬಗೆಯವನು.

"ಗವರ್ನರ್? ನೀನಾ?" ಎಡಿತ್ ಕನ್ನಡಕ ಏರಿಸಿ ಕಾರ್ಡನ್ನೂ ಅಳಿಯನನ್ನೂ ಮತ್ತೆ ಕಾರ್ಡನ್ನೂ ನೋಡಿದರು.

"ಹೌದಮ್ಮ, ನಾನೇ."

"ನಮ್ ಆಲ್ಬರ್ಟು ಒಂದ್ ಸಲ ಗವರ್ನರ್ ಎದುರಿಗೆ ಕೆಮ್ಮಿಬಿಟ್ಟು ಎರಡ್ ದಿನ ನಿದ್ದೆ ಮಾಡ್ಲಿಲ್ಲ ಕಣೋ! ನಿನ್ ಕೈಕೆಳಗೆ ಎಷ್ಟು ಜನ?"

"ಇನ್ನೂರ ಹತ್ತು."

"ಗಲಾಟೆ ಮಾಡ್ತಾರಾ?"

"ಊಟದ ಹೊತ್ತಲ್ಲಿ ಸ್ವಲ್ಪ ಜಾಸ್ತಿ."

"ಆಲ್ಬರ್ಟೂ ಅದನ್ನೇ ಹೇಳ್ತಿದ್ರು," ಎಂದು ಎಡಿತ್ ಕಣ್ಣೊರೆಸಿಕೊಂಡರು. ತಟ್ಟೆಯಲ್ಲಿದ್ದ ದೊಡ್ಡ ಮಾಂಸದ ತುಂಡನ್ನು, ಮದುವೆಯಾದ ಮೇಲೆ ಮೊದಲ ಸಲ, ಅಳಿಯನ ತಟ್ಟೆಗೆ ಎತ್ತಿ ಹಾಕಿದರು. ನಾರಿಸ್‌ನ ಹೆಂಡತಿ ಗ್ಲೆನಿಸ್ ಆಗ ಒಳಗೆ ಗ್ರೇವಿ ಕುದಿಸುತ್ತಿದ್ದಳು. ಅವಳು ಮೇಜಿನ ಹತ್ತಿರ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅತ್ತೆಗೆ ಕೊನೆಗೂ ವಿದ್ಯೆಯ ಬೆಲೆ ತಿಳಿಯಿತಲ್ಲ ಎಂದು ನಾರಿಸ್ ಸಂತೋಷದಿಂದ ಆ ತುಂಡನ್ನು ತಿಂದ.

ಬೆಟ್ಟದ ಆಚೆ ಮಗ್ಗುಲಲ್ಲಿ ನಿಜವಾಗಿಯೂ ಒಂದು ಜೈಲಿತ್ತು. ಅಲ್ಲಿಗೆ ಆಗಷ್ಟೇ ಹೊಸ ಗವರ್ನರ್ ಬಂದಿದ್ದಾರೆ ಎಂಬ ಸುದ್ದಿಯೂ ಇತ್ತು. ಎಡಿತ್ ಸೋಮವಾರ ಬೆಳಿಗ್ಗೆ ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತು ಆ ಸುದ್ದಿಗೆ ಅಳಿಯನ ಮುಖ ಕೊಟ್ಟರು.

ಅಲ್ಲಿಂದ ನಾರಿಸ್‌ನ ಬದುಕೇ ಬದಲಾಯಿತು. ಮೀನಿನ ಅಂಗಡಿಯವನು ಚಿಪ್ಸಿನ ಪೊಟ್ಟಣಕ್ಕೆ ಇನ್ನೊಂದು ಹಿಡಿ ಸುರಿದ. ಕ್ಷೌರದವನು ಅವನ ಕತ್ತಿನ ಹಿಂದೆ ಕತ್ತಿ ಹಿಡಿದು, "ನಂದು ಒಂದೇ ಒಂದು ಪಾರ್ಕಿಂಗ್ ದಂಡ ಬಾಕಿ ಇದೆ ಸಾರ್, ಅದನ್ನೂ ಕಟ್ತೀನಿ" ಎಂದ. ಜನ ತನ್ನ ಸೇವೆಯನ್ನು ಗುರುತಿಸುತ್ತಿದ್ದಾರೆ ಎಂದುಕೊಂಡ ನಾರಿಸ್, ದಿನಕ್ಕೊಂದು ಟೈ ಕಟ್ಟತೊಡಗಿದ.

ಆದರೆ ಶಾಲೆಯಲ್ಲಿ ಪರಿಸ್ಥಿತಿ ಗಂಭೀರವಾಗಿತ್ತು. ಬಾಯ್ಲರ್ ದೊಡ್ಡದಾಗಿ ಗುಡುಗಿ ಸತ್ತುಹೋಯಿತು. ಹೊಸದು ಹಾಕಿಸಿದ ಮೇಲೆ ಇಡುಗಂಟಿನಲ್ಲಿ ದೊಡ್ಡ ತೂತು ಬಿದ್ದಿತ್ತು. ಹೆಡ್ ಟೀಚರ್ ಮಿಸೆಸ್ ಬ್ರಿಯರ್ಲಿ ಆ ವರ್ಷವಷ್ಟೇ ಬೇರೆ ಊರಿನಿಂದ ಬಂದವರು. ತೆಳ್ಳಗೆ, ನೆಟ್ಟಗೆ, ಕೊಟ್ಟ ಮಾತನ್ನು ಯಾರಿಗೂ ಹಿಂದಕ್ಕೆ ತೆಗೆದುಕೊಳ್ಳಲು ಬಿಡದ ಹೆಂಗಸು.

"ಮಿಸ್ಟರ್ ಬಾಟಮ್ಲಿ, ಎರಡೇ ದಾರಿ ಇರೋದು," ಎಂದರು. "ಒಂದು, ಮಿಸ್ ಲೋಮಾಸ್‌ನ ಕೆಲಸದಿಂದ ತೆಗೀಬೇಕು. ಇಲ್ಲಾಂದ್ರೆ ಶುಕ್ರವಾರ ಊಟ ಆದ ತಕ್ಷಣ ಮಕ್ಕಳನ್ನ ಮನೆಗೆ ಕಳಿಸ್ಬಿಟ್ಟು ಅರ್ಧ ದಿನದ ಖರ್ಚು ಉಳಿಸ್ಬೇಕು. ಬೇಲಿ ಅಂತೂ ಈ ವರ್ಷ ಆಗೋ ಮಾತಲ್ಲ."

ಮಿಸ್ ಲೋಮಾಸ್ ಚಿಕ್ಕ ಮಕ್ಕಳ ಕ್ಲಾಸಿನ ಸಹಾಯಕಿ. ಮೂಗು ಒರೆಸುವುದು, ಕೋಟಿನ ಗುಂಡಿ ಹಾಕುವುದು, ಅಳುವವರನ್ನು ನಗಿಸುವುದು ಎಲ್ಲ ಅವಳದೇ. ನಾರಿಸ್‌ನ ಮಗಳಿಗೆ ಶೂ ಲೇಸು ಕಟ್ಟಲು ಕಲಿಸಿದವಳೂ ಅವಳೇ. ನಾರಿಸ್ ಅದನ್ನು ಮಗಳಿಂದ ಕಲಿತಿದ್ದ. ಅವಳನ್ನು ತೆಗೆಯುವ ಮಾತಿಗೆ ನಾರಿಸ್ ಎರಡೂ ಕೈ ಅಲ್ಲಾಡಿಸಿದ.

"ಬೇಡ, ಬೇಡ. ಶುಕ್ರವಾರ ಕಳಿಸ್ಬಿಡೋಣ. ಆದ್ರೆ ಊರವರನ್ನೂ ಒಂದ್ ಮಾತು ಕೇಳೋಣ. ಯಾರಾದ್ರೂ ಸಹಾಯಕ್ಕೆ ಬಂದಾರು."

"ಹೋದ ಸಲ ಊರವರನ್ನ ಕರೆದಾಗ ಬಂದಿದ್ದು ಆರು ಜನ," ಎಂದರು ಮಿಸೆಸ್ ಬ್ರಿಯರ್ಲಿ. "ಅದ್ರಲ್ಲಿ ಇಬ್ಬರು ಮಳೆಗೆ ನಿಂತೋರು."

ಆ ಸಂಜೆ ನಾರಿಸ್ ಮನೆಗೆ ಬರುತ್ತಿದ್ದಾಗ ಪಕ್ಕದ ಮನೆಯ ಹಿಲ್ಡಾ ಸ್ಪಾಫರ್ಡ್ ಗೇಟಿನಲ್ಲಿ ಕಾದಿದ್ದಳು. ಅವಳ ಅಕ್ಕನ ಮಗ ಚರ್ಚಿನ ಛಾವಣಿಯ ಸೀಸದ ಹಾಳೆಗಳನ್ನು ಕಿತ್ತು ಮಾರಿ 'ಸಿ' ದರ್ಜೆಯ ಕೈದಿಯಾಗಿ ಬೆಟ್ಟದಾಚೆ ಸೇರಿದ್ದ. ಹಿಲ್ಡಾ ಮರ್ಯಾದಸ್ಥೆ. ಜೈಲು ಎಂಬ ಶಬ್ದವನ್ನು ಬಾಯಿಂದ ಆಡುವವಳಲ್ಲ.

"ನಾರಿಸ್, ನಮ್ ಡ್ಯಾರನ್ ನಿಮ್ಮಲ್ಲೇ ಇದಾನೆ ಕಣಪ್ಪ," ಎಂದಳು ಮೆಲ್ಲಗೆ.

"ಹೌದಾ! ನಂಗೆ ಗೊತ್ತೇ ಇರ್ಲಿಲ್ಲ. ಯಾವ ಕ್ಲಾಸು?"

"ಸಿ ಅಂತೆ. ಮೂರು ವರ್ಷ."

"ಮೂರು ವರ್ಷನಾ? ಅಯ್ಯೋ, ನರ್ಸರಿ ಪಾಪು! ಹೊಂದ್ಕೊಂಡಿದಾನಾ?"

"ಎಲ್ಲಿ ಹೊಂದ್ಕೊಳ್ತಾನೆ? ಒಳ್ಳೇ ಹುಡುಗ ಕಣಪ್ಪ, ಕೈ ಸ್ವಲ್ಪ ಉದ್ದ ಅಷ್ಟೇ."

"ಆ ವಯಸ್ಸಲ್ಲಿ ಎಲ್ರದ್ದೂ ಹಾಗೇ ಹಿಲ್ಡಾ. ಕಂಡಿದ್ದೆಲ್ಲ ಜೇಬಿಗೆ ಹಾಕ್ಕೋತಾರೆ."

"ತೋಳ ತುಂಬ ಚಿತ್ರ ಬೇರೆ ಬರೆಸ್ಕೊಂಡಿದಾನೆ. ಹಾವು, ತಲೆಬುರುಡೆ."

"ಸೋಪು ಹಾಕಿ ಉಜ್ಜಿದ್ರೆ ಹೋಗತ್ತೆ ಬಿಡಿ."

ಹಿಲ್ಡಾ ಬೆಚ್ಚಿ ನೋಡಿದಳು. ಹೊಸ ಗವರ್ನರ್ ಇಷ್ಟು ಕಠಿಣ ಎಂದು ಅವಳಿಗೆ ಗೊತ್ತಿರಲಿಲ್ಲ. ಮೇಲಂಗಿಯ ಅಡಿಯಿಂದ ಒಂದು ದೊಡ್ಡ ಹಂದಿಮಾಂಸದ ಪೈ ತೆಗೆದು ಅವನ ಕೈಗಿಟ್ಟು, "ಇದನ್ನ ಅವ್ನಿಗೆ ತಲುಪಿಸಿ. ತಲೆ ತಗ್ಗಿಸ್ಕೊಂಡಿರು, ಆ ಲೀಡ್ಸ್ ಕಡೆ ಹುಡುಗರ ಸಹವಾಸ ಮಾಡ್ಬೇಡ ಅಂತ ಹಿಲ್ಡಾ ಚಿಕ್ಕಮ್ಮ ಹೇಳಿದ್ಲು ಅನ್ನಿ" ಎಂದಳು.

"ಖಂಡಿತ. ಇನ್ನೇನು ಈಸ್ಟರ್ ಕಳೆದ ಮೇಲೆ ಶುಕ್ರವಾರ ಮಧ್ಯಾಹ್ನ ಅವನೇ ಮನೆಗೆ ಬಂದ್ಬಿಡ್ತಾನೆ. ಊಟ ಆದ ತಕ್ಷಣ ಎಲ್ರನ್ನೂ ಬಿಟ್ಬಿಡ್ತೀವಿ."

"ಎಲ್ರನ್ನೂ?"

"ಇನ್ನೂರ ಹತ್ತು ಜನಾನೂ. ಇಟ್ಕೊಳ್ಳೋಕೆ ದುಡ್ಡಿಲ್ಲ ಹಿಲ್ಡಾ. ಕರ್ಕೊಂಡು ಹೋಗೋಕೆ ಯಾರಾದ್ರೂ ಬಂದ್ರೆ ಸರಿ. ಇಲ್ಲಾಂದ್ರೆ ದೊಡ್ಡೋರು ಚಿಕ್ಕೋರ ಕೈ ಹಿಡ್ಕೊಂಡು ನಡ್ಕೊಂಡು ಹೋಗ್ತಾರೆ."

ಹಿಲ್ಡಾ ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನ ನಾರಿಸ್ ಪೈ ಹಿಡಿದು ನರ್ಸರಿಗೆ ಹೋದ. ಡ್ಯಾರನ್ ಎಂಬ ಒಂದು ಮಗು ಅಲ್ಲಿತ್ತು. ಡೈನೋಸಾರ್ ಟೋಪಿ ಹಾಕಿಕೊಂಡು ಮರಳಿನಲ್ಲಿ ಕೂತಿತ್ತು. ನಾರಿಸ್ ಮೊಣಕಾಲೂರಿ ಕುಳಿತು, "ತಲೆ ತಗ್ಗಿಸ್ಕೊಂಡಿರ್ಬೇಕಂತೆ ಮರಿ. ಲೀಡ್ಸ್‌ನೋರ ಜೊತೆ ಸೇರ್ಬಾರ್ದಂತೆ" ಎಂದು ಗುಟ್ಟಾಗಿ ಹೇಳಿ ಪೈ ಕೊಟ್ಟ. ಮಗು ಅವನನ್ನು ದಿಟ್ಟಿಸಿತು, ಪೈ ತಿಂದಿತು, ಆಮೇಲೆ ಅಳತೊಡಗಿತು.

ಸಂಜೆ ಹಿಲ್ಡಾ ಉಸಿರು ಬಿಗಿಹಿಡಿದು ಕೇಳಿದಳು: "ಕೊಟ್ರಾ? ಹೇಗಿದಾನೆ?"

"ಚೆನ್ನಾಗಿದಾನೆ. ಪೂರ್ತಿ ತಿಂದ. ಆಮೇಲೆ ಒಂದ್ ಸ್ವಲ್ಪ ಅತ್ತ. ಆಮೇಲೆ ಸೂಸು ಅಂದ. ಮಿಸ್ ಲೋಮಾಸ್ ಕರ್ಕೊಂಡು ಹೋಗಿ ಚಡ್ಡಿ ಬದಲಾಯಿಸಿದ್ರು."

ಹಿಲ್ಡಾ ಕುಸಿದು ಮೆಟ್ಟಿಲ ಮೇಲೆ ಕೂತಳು. "ಅಯ್ಯೋ ದೇವ್ರೇ, ನಮ್ ಹುಡುಗನ್ನ ಏನ್ ಮಾಡಿಟ್ಟಿದೀರಪ್ಪ!"

ಆ ರಾತ್ರಿಯೊಳಗೆ ಸುದ್ದಿ ಊರನ್ನು ಎರಡು ಸುತ್ತು ಹಾಕಿತು. ಒಳಗೆ ಗಟ್ಟಿ ಆಳುಗಳನ್ನು ಮಕ್ಕಳಂತೆ ಅಳಿಸುತ್ತಾರೆ, ಶುಕ್ರವಾರ ಮಧ್ಯಾಹ್ನ ಹೊರಗೆ ಅಟ್ಟುತ್ತಾರೆ, ಇನ್ನೂರ ಹತ್ತು ಜನ ಕೈ ಕೈ ಹಿಡಿದು ಮುಖ್ಯ ಬೀದಿಯಲ್ಲಿ ಬರುತ್ತಾರೆ! ಕಟುಕ ಬಾರ್ನಿ ಗ್ಯಾಂಟ್ ಸಾಸೇಜಿನ ಗೂಡಿಗೆ ಬೀಗ ಜಡಿದ. ಪಾದ್ರಿಗಳು ಬೆಳ್ಳಿಯ ಮೇಣದಬತ್ತಿ ಕಂಬಗಳನ್ನು ಕಂಬಳಿಯಲ್ಲಿ ಸುತ್ತಿ ತಮ್ಮ ಹಾಸಿಗೆಯಲ್ಲೇ ಮಲಗಿಸಿಕೊಂಡರು. ಬೀಗದ ಅಂಗಡಿಯಲ್ಲಿ ಬೀಗ ಮುಗಿದು, ಬೀಗವಿಲ್ಲದ ಕೀಲಿಗಳೂ ಮಾರಾಟವಾದವು.

ಇಷ್ಟರ ಮೇಲೆ ನಾರಿಸ್ ಪೋಸ್ಟ್ ಆಫೀಸಿನ ಕಿಟಕಿಗೆ ಒಂದು ಪ್ರಕಟಣೆ ಅಂಟಿಸಿದ. ಅಲ್ಲಿಯೂ ಪದಕ್ಕಿಷ್ಟು ಎಂದು ದರವಿತ್ತು. "ಶುಕ್ರವಾರದ ಬಿಡುಗಡೆ, ಮುರಿದ ಬೇಲಿ: ಊರವರ ಸಭೆ. ಮಂಗಳವಾರ ಸಂಜೆ, ಶಾಲೆಯ ಹಾಲ್. ಗವರ್ನರ್ ಬಾಟಮ್ಲಿ." ಊರಿನ ಸಭೆಗಳೆಲ್ಲ ಶಾಲೆಯ ಹಾಲಿನಲ್ಲೇ ನಡೆಯುವುದು ವಾಡಿಕೆಯಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮಕ್ಕಳ ತಂದೆತಾಯಿಯರ ಸಭೆ ಸೋಮವಾರವೇ ಮುಗಿದಿತ್ತು, ಹೀಗಾಗಿ ಮಂಗಳವಾರ ಗ್ಲೆನಿಸ್ ಬಿಟ್ಟು ಅವರಾರೂ ಬರಲಿಲ್ಲ. ಬಂದವರು ಉಳಿದ ಊರೆಲ್ಲ.

ಹಾಲ್ ತುಂಬಿ ಹೊರಗೂ ಜನ ನಿಂತರು. ಅಲ್ಲಿದ್ದವು ಮಕ್ಕಳ ಕುರ್ಚಿಗಳು. ರಗ್ಬಿ ಆಡುವ ಧಡೂತಿ ಗಂಡಸರು ಮೊಣಕಾಲು ಕಿವಿಗೆ ತಾಗಿಸಿಕೊಂಡು ಕೂತರು. ಮಿಸೆಸ್ ಬ್ರಿಯರ್ಲಿ ಬಾಗಿಲಲ್ಲಿ ನಿಂತು ನೋಡಿ ಕಣ್ಣೀರು ಹಾಕಿದರು. "ಈ ಊರಿಗೆ ಇಷ್ಟು ಕಾಳಜಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಿಸ್ಟರ್ ಬಾಟಮ್ಲಿ!"

ನಾರಿಸ್ ಟೈ ಸರಿಪಡಿಸಿಕೊಂಡು ಎದ್ದ. "ಸ್ನೇಹಿತರೆ, ನಮ್ಮ ಹತ್ರ ದುಡ್ಡಿಲ್ಲ. ಇದ್ದಿದ್ದನ್ನ ಬಾಯ್ಲರ್ ನುಂಗ್ತು. ಅದಕ್ಕೇ ಶುಕ್ರವಾರ ಎಲ್ರನ್ನೂ ಹೊರಗೆ ಬಿಡೋದು ಅಂತ…"

ಇಡೀ ಹಾಲ್ ಭೋರ್ಗರೆಯಿತು. ಬಾರ್ನಿ ಗ್ಯಾಂಟ್ ಎದ್ದು ನಿಂತ. ಕುರ್ಚಿಯೂ ಅವನ ಜೊತೆ ಎದ್ದಿತು. "ಬೇಲಿ ಮುರಿದು ಎಷ್ಟು ದಿನ ಆಯ್ತು?"

ನಾರಿಸ್ ಪಕ್ಕಕ್ಕೆ ನೋಡಿದ. ಮಿಸೆಸ್ ಬ್ರಿಯರ್ಲಿ ಮುಂದೆ ಬಂದರು. ಜೈಲು ಇಲಾಖೆಯಿಂದ ಬಂದ ದೊಡ್ಡ ಅಧಿಕಾರಿಯಿರಬೇಕು ಎಂದು ಜನ ತಗ್ಗಿದರು.

"ಚಳಿಗಾಲಕ್ಕೆ ಮುಂಚೆನೇ. ಕೆಲವರು ಅದ್ರಲ್ಲಿ ನುಸುಳಿ ಮಿಠಾಯಿ ಅಂಗಡಿಗೆ ಹೋಗ್ತಾರೆ."

"ಹೋದೋರು ವಾಪಸ್ ಬರ್ತಾರಾ?"

"ಪುಡ್ಡಿಂಗ್ ಇರೋ ದಿನ ಬರ್ತಾರೆ."

"ಚೂಪಾದ್ದೇನಾದ್ರೂ ಅವರ ಕೈಗೆ ಕೊಡ್ತೀರೇನ್ರಿ?" ಪಾದ್ರಿಗಳ ಧ್ವನಿ ನಡುಗಿತು.

"ಕತ್ತರಿ ಕೊಡ್ತೀವಿ. ಆದ್ರೆ ಮೂರು ಜನಕ್ಕೆ ಒಂದೇ. ಅದಕ್ಕೂ ಜಗಳ."

"ನೋಡ್ಕೊಳ್ಳೋರು ಎಷ್ಟು ಜನ?"

"ಮೂವತ್ತು ಜನಕ್ಕೆ ಒಬ್ಬರು. ಇವರೇ ಮಿಸ್ ಲೋಮಾಸ್. ಇವರನ್ನೂ ಕಳಿಸ್ಬೇಕಾಗಿತ್ತು."

ಇಷ್ಟು ಚಿಕ್ಕ ಹುಡುಗಿಯೇ ಎಂದು ಎಲ್ಲರ ಕಣ್ಣು ಅವಳತ್ತ ತಿರುಗಿತು. "ನಿಂಗೆ ಭಯ ಆಗಲ್ವಾ ತಾಯಿ?" ಎಂದು ಯಾರೋ ಕೇಳಿದರು. ಮಿಸ್ ಲೋಮಾಸ್ ನಾಚುತ್ತ ತೋಳು ಮೇಲೆತ್ತಿದಳು.

"ಹೋದ ವಾರ ಇಲ್ಲಿ ಒಬ್ಬ ಕಚ್ಚಿದ. ಆದ್ರೆ ಆಮೇಲೆ ಪಾಪ, ನನ್ ತೊಡೆ ಮೇಲೇ ಮಲಗಿ ನಿದ್ದೆ ಮಾಡ್ಬಿಟ್ಟ."

ಮುಂದಿನ ಸಾಲಿನಲ್ಲಿ ಒಬ್ಬಾಕೆ ಬೀಸಣಿಗೆಯಿಂದ ಗಾಳಿ ಹಾಕಿಕೊಂಡಳು.

ಬಾರ್ನಿಗೆ ತಡೆಯಲಾಗಲಿಲ್ಲ. ಕುರ್ಚಿಯನ್ನು ಕಿತ್ತೆಸೆದು ಎದೆ ತಟ್ಟಿಕೊಂಡ. "ಸರ್ಕಾರದ ಹತ್ರ ದುಡ್ಡಿಲ್ದಿದ್ರೆ ಬೇಡ! ಈ ಹುಡುಗಿ ಒಬ್ಳೇ ಅವರನ್ನ ಕಾಯೋದಾದ್ರೆ ನಾವೇನು ಬಳೆ ತೊಟ್ಕೊಂಡಿದೀವಾ? ನಾನೂ ನಮ್ ರಗ್ಬಿ ತಂಡಾನೂ ಪ್ರತಿ ಶುಕ್ರವಾರ ಮಧ್ಯಾಹ್ನ ಒಳಗೆ ಬಂದು ನಿಲ್ತೀವಿ. ಬಿಡಿಗಾಸೂ ಬೇಡ. ಒಬ್ಬನೂ ಹೊರಗೆ ಬರೋ ಹಾಗಿಲ್ಲ!"

"ಬೇಲಿ ನಂದು!" ಎಂದು ಮರದ ಮಂಡಿಯ ಯಜಮಾನ ಹಿಂದಿನಿಂದ ಕೂಗಿದ. "ಕಂಬ, ತಂತಿ, ಕೂಲಿ ಎಲ್ಲ ನಂದೇ. ಈ ವಾರವೇ!"

"ನಿಜವಾಗ್ಲೂನಾ?" ಮಿಸೆಸ್ ಬ್ರಿಯರ್ಲಿ ಎರಡೂ ಕೈ ಜೋಡಿಸಿ ಹಿಡಿದರು. "ಇಷ್ಟು ಜನರ ಎದುರಿಗೆ ಮಾತು ಕೊಡ್ತಾ ಇದೀರಾ?"

"ಕೊಟ್ವಿ!" ಎಂದಿತು ಇಡೀ ಹಾಲ್. ಚಪ್ಪಾಳೆ ಬಿತ್ತು. ಮಿಸ್ ಲೋಮಾಸ್ ಅತ್ತಳು. ನಾರಿಸ್ ಮೂಗು ಒರೆಸಿಕೊಂಡ. ಬಾಳಿನಲ್ಲಿ ಇಷ್ಟು ದೊಡ್ಡ ಗೆಲುವನ್ನು ಅವನು ಕಂಡಿರಲಿಲ್ಲ.

ಆಗ ಹಿಲ್ಡಾ ಹಿಂಜರಿಯುತ್ತ ಕೈ ಎತ್ತಿದಳು. "ಹಾಗಾದ್ರೆ ನಮ್ ಡ್ಯಾರನ್ ಶುಕ್ರವಾರ ಚಹಾಕ್ಕೆ ಮನೆಗೆ ಬರಲ್ವಾ?"

ಮಿಸೆಸ್ ಬ್ರಿಯರ್ಲಿಯ ಮುಖ ಅರಳಿತು. "ನಮ್ಮ ಡ್ಯಾರನ್ನಾ? ಕ್ರಿಸ್‌ಮಸ್ ನಾಟಕದಲ್ಲಿ ಕುರಿಮರಿ ಆಗಿದ್ನಲ್ಲ, ಅವನು ತಾನೆ? ಎಷ್ಟು ಮುದ್ದಾಗಿ ಮ್ಯಾ ಅಂದ!"

ಹಿಲ್ಡಾ ಎತ್ತಿದ ಕೈಯನ್ನು ಇಳಿಸಿದಳು.

"ಅವ್ನಿಗೆ ಮೂವತ್ತೆಂಟು ವರ್ಷ," ಎಂದಳು.

ಎಲ್ಲರೂ ಎಲ್ಲರನ್ನೂ ನೋಡಿದರು. ಗೋಡೆಯ ಮೇಲಿದ್ದ ಅಕ್ಷರಮಾಲೆಯನ್ನು ನೋಡಿದರು. ತಾವು ಕೂತಿದ್ದ ಕುರ್ಚಿಗಳನ್ನು ನೋಡಿದರು. ಕೊನೆಗೆ ನಾರಿಸ್‌ನನ್ನು ನೋಡಿದರು. ಎಡಿತ್ ಅವರ ಕಿವಿಯಂತ್ರ ಉದ್ದಕ್ಕೆ ಶಿಳ್ಳೆ ಹಾಕಿ ನಿಂತಿತು.

"ಸ್ಕೂಲಾ?" ಎಂದರು ಎಡಿತ್. "ಬರೀ ಸ್ಕೂಲಾ? ನಾನು ಎಷ್ಟು ಭಾನುವಾರದಿಂದ ನಿಂಗೆ ಒಳ್ಳೊಳ್ಳೇ ತುಂಡು ಹಾಕ್ತಾ ಇದೀನಲ್ಲೋ!"

ನಾರಿಸ್ ಕಿವಿಯ ತನಕ ಕೆಂಪಾದ. "ತಪ್ಪು ನಂದೇ. ಕಾರ್ಡಲ್ಲಿ ಇನ್ನೊಂದ್ ಸಾಲು ಹಾಕ್ಸಿದ್ರೆ ದುಡ್ಡು ಜಾಸ್ತಿ ಆಗ್ತಿತ್ತು. ಆ ದುಡ್ಡಲ್ಲಿ ಬಣ್ಣದ ಪೆನ್ಸಿಲ್ ಬರತ್ತೆ ಅಂತ…" ಎಂದು ತೊದಲಿದ. ಗ್ಲೆನಿಸ್ ಹಿಂದಿನ ಸಾಲಿನಲ್ಲಿ ಮುಖಕ್ಕೆ ಕೈಚೀಲ ಅಡ್ಡ ಹಿಡಿದು ಅಲುಗಾಡುತ್ತಿದ್ದಳು. ಅಳುತ್ತಿದ್ದಾಳೆಂದು ನಾರಿಸ್ ಭಾವಿಸಿದ.

ಬಾರ್ನಿ ಕೆಮ್ಮಿದ. "ಹಾಗಿದ್ರೆ ಸರಿ. ಜೈಲಲ್ಲ ಅಂದ್ಮೇಲೆ ನಾವು ಹೊರಡ್ತೀವಿ. ನಾವು ಮಾತು ಕೊಟ್ಟಿದ್ದು ಬೇರೆ…"

"ಕೂತ್ಕೊಳ್ಳಿ ಮಿಸ್ಟರ್ ಗ್ಯಾಂಟ್," ಎಂದರು ಮಿಸೆಸ್ ಬ್ರಿಯರ್ಲಿ. ಧ್ವನಿ ಏರಿಸಲಿಲ್ಲ. ಆದರೂ ಬಾರ್ನಿ ಕೂತ, ಹೊರಗೆ ನಿಂತವರಲ್ಲೂ ಕೆಲವರು ಕೂತರು. "ನೀವು ಇನ್ನೂರ ಹತ್ತು ಜನ ಕಳ್ಳರ ಎದುರಿಗೆ ನಿಲ್ಲೋಕೆ ತಯಾರಿದ್ರಿ. ಐದು ವರ್ಷದ ಮಕ್ಕಳಿಗೆ ಹೆದರ್ತೀರಾ?"

ಇಡೀ ಊರಿನ ಎದುರು, ರಗ್ಬಿ ತಂಡದ ಎದುರು, ಬಾರ್ನಿ ಗ್ಯಾಂಟ್ ಇದಕ್ಕೆ ಕೊಡಬಹುದಾಗಿದ್ದ ಉತ್ತರ ಒಂದೇ.

"ನಾನು ಯಾರಿಗೂ ಹೆದರಲ್ಲ," ಎಂದ.

"ಶುಕ್ರವಾರ ಹನ್ನೆರಡೂವರೆಗೆ ಬನ್ನಿ. ಬೂಟು ಒರೆಸ್ಕೊಂಡು ಬನ್ನಿ."

ಹೀಗೆ ಬೇಲಿ ಬಂತು. ಶುಕ್ರವಾರದ ಮಧ್ಯಾಹ್ನಗಳು ಉಳಿದವು. ಮಿಸ್ ಲೋಮಾಸ್ ಉಳಿದಳು. ಎಡಿತ್ ಅಳಿಯನ ತಟ್ಟೆಗೆ ಮತ್ತೆ ಆಲೂಗಡ್ಡೆಯನ್ನೇ ಹಾಕತೊಡಗಿದರು. ಹಿಲ್ಡಾ ಮಾತ್ರ ಅಂದಿನಿಂದ ನರ್ಸರಿಯ ಡ್ಯಾರನ್‌ಗೂ ಒಂದೊಂದು ಪೈ ಕಳಿಸುತ್ತಿದ್ದಳು. ಆ ಹೆಸರಿನವನೊಬ್ಬನಾದರೂ ದಾರಿಗೆ ಬರಲಿ ಎಂದು ಅವಳ ಆಸೆ.

ಮೊದಲ ಶುಕ್ರವಾರ ಮೂರೂವರೆಯ ಗಂಟೆ ಹೊಡೆದ ಮೇಲೆ ನಾರಿಸ್ ಹಾಲಿನ ಬಾಗಿಲು ತೆರೆದ. ರಗ್ಬಿ ತಂಡ ನೆಲದ ಮೇಲೆ ಚದುರಿ ಬಿದ್ದಿತ್ತು. ಒಬ್ಬನ ಗಡ್ಡಕ್ಕೆ ಅಂಟು ಮೆತ್ತಿ ಮೇಲೆ ಮಿನುಗುಪುಡಿ ಚೆಲ್ಲಿದ್ದರು. ಇನ್ನೊಬ್ಬನನ್ನು ಹಗ್ಗದಾಟದ ಹಗ್ಗದಿಂದ ಕುರ್ಚಿಗೆ ಕಟ್ಟಿಹಾಕಿ, ಕಟ್ಟಿದವರು ಮನೆಗೆ ಹೋಗಿಬಿಟ್ಟಿದ್ದರು. ಬಾರ್ನಿ ಗ್ಯಾಂಟ್ ಮಂಡಿಯೂರಿ, ಏದುಸಿರು ಬಿಡುತ್ತ, ಗೋಡೆ ಹಿಡಿದುಕೊಂಡು ಮೇಲೇಳಲು ನೋಡುತ್ತಿದ್ದ. ತಲೆಗೆ ಗುಲಾಬಿ ರಿಬ್ಬನ್ನು ಬಿಗಿದಿದ್ದರು.

"ನಾರಿಸ್," ಎಂದ ಅವನು, ಧ್ವನಿ ಹೋಗಿತ್ತು. "ನಿನ್ ದಮ್ಮಯ್ಯ ಅಂತೀನಿ. ಬೆಟ್ಟದಾಚೆ ಇದೆಯಲ್ಲ ಜೈಲು, ಅಲ್ಲಿ ಯಾರಾದ್ರೂ ಬೇಕಾ ಅಂತ ವಿಚಾರಿಸ್ತೀಯಾ? ಅಲ್ಲಿಗೆ ಬೇಕಾದ್ರೆ ದಿನಾ ಹೋಗ್ತೀನಿ. ಇಲ್ಲಿಗೆ ಇನ್ನೊಂದ್ ಸಲ ಕಾಲಿಡಲ್ಲ, ಮಾತು ಹೋದ್ರೂ ಸರಿ, ಮಾನ ಹೋದ್ರೂ ಸರಿ."

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಪುಟ್ಟ ಹುಡುಗಿ ಕಾಣಿಸಿಕೊಂಡಳು. ಕೋಟಿನ ಗುಂಡಿಗಳೆಲ್ಲ ತಪ್ಪು ತಪ್ಪು ಮನೆಗಳಲ್ಲಿದ್ದವು. ಅಮ್ಮನ ಕೈ ಬಿಡಿಸಿಕೊಂಡು ಬಂದು ಬಾರ್ನಿಯ ಮುಂದೆ ನಿಂತು ಬೆರಳು ತೋರಿಸಿದಳು.

"ನೀನು ಮುಂದಿನ ಶುಕ್ರವಾರಾನೂ ಕುದುರೆ. ಬೇರೆ ಯಾರೂ ಅಲ್ಲ, ನೀನೇ. ನಾನು ಎಲ್ರಿಗೂ ಹೇಳಿದೀನಿ."

ಬಾರ್ನಿ ಅವಳನ್ನು ನೋಡಿದ. ನಾರಿಸ್‌ನನ್ನು ನೋಡಿದ. ನಿಧಾನವಾಗಿ ತಲೆಯ ರಿಬ್ಬನ್ನು ಬಿಚ್ಚಿ, ಮಡಿಸಿ, ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡ.

"ಎಷ್ಟು ಗಂಟೆಗೆ ಬರ್ಲಮ್ಮ?" ಎಂದ.